ಕಡೆಯುವ ಕಲ್ಲು ತಿರುಗಿಸಿದ ಕೈ

ಈ ಮಳೆಗಾಲದ ನೆಗಡಿ ಮೊದಲು ಮೂಗಿಗೆ ಬಂತು, ಆಮೇಲೆ ಕಿವಿಗೆ, ಕೊನೆಗೆ ಗಂಟಲಿಗೆ. ಮಂಗಳವಾರ ಸಂಜೆ ದಾದರ್ ಸ್ಟೇಷನ್ನಿನ ಹೊರಗೆ ಗಾಳಿಗೆ ಕೊಡೆ ಮಗುಚಿ ತಲೆಯಿಂದ ಕಾಲಿನವರೆಗೆ ಒದ್ದೆಯಾಗಿದ್ದೆ. ಗುರುವಾರ ಬೆಳಿಗ್ಗೆ ಏಳುವಾಗ ಎರಡೂ ಕಿವಿಗೆ ಹತ್ತಿ ತುರುಕಿದ ಹಾಗಿತ್ತು. ಕುಕ್ಕರ್ ಕೂಗಿದ್ದು ನಮ್ಮ ಮನೆಯದೋ ಪಕ್ಕದ ಮನೆಯದೋ ತಿಳಿಯಲಿಲ್ಲ. ಗಂಡನನ್ನು ಕರೆಯೋಣವೆಂದು ಬಾಯಿ ತೆರೆದರೆ ಬರೀ ಗಾಳಿ ಬಂತು.

ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಐದಾರು ಪೀರಿಯಡ್ ಮಾತಾಡಿಯೇ ಅನ್ನ ಉಂಡವಳು. ಡಾಕ್ಟರು ಟಾರ್ಚ್ ಬಿಟ್ಟು ಗಂಟಲು ನೋಡಿ, ಐದು ದಿನ ಮಾತು ಬೇಡ, ಪಿಸುಗುಟ್ಟುವುದೂ ಬೇಡ ಅಂದರು. ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಒಂದು ಸಪೂರ ಕೊಳವೆ ಇದೆಯಂತೆ. ನೆಗಡಿಗೆ ಅದು ಊದಿಕೊಂಡು ಮುಚ್ಚಿದರೆ ಕಿವಿ ಕಟ್ಟುತ್ತದೆ, ನೆಗಡಿ ಇಳಿದಾಗ ತಾನೇ ಬಿಡುತ್ತದೆ. ಶಾಲೆಗೆ ರಜೆ ಹಾಕಿದೆ. ಗಂಡ ಎಂಟೂವರೆ ಲೋಕಲ್ ಹಿಡಿದು ಹೋದರು. ಮನೆಯಲ್ಲಿ ಉಳಿದದ್ದು ಮಾತಾಡಲಾರದ ನಾನು, ಕಿವಿ ಕೇಳದ ಅಪ್ಪಯ್ಯ.

ಅಪ್ಪಯ್ಯನಿಗೆ ಈಗ ಎಂಬತ್ತೊಂದು. ಕುಂದಾಪುರದ ಹತ್ತಿರದ ಹಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಬೊಂಬಾಯಿಗೆ ಬಂದವರು. ಗಿರಗಾಂವಿನ ಒಂದು ಹೋಟೆಲಿನಲ್ಲಿ ಮೊದಲು ಕಪ್ಪುಬಸಿ ತೊಳೆದರು, ಆಮೇಲೆ ದೋಸೆ ಇಡ್ಲಿಯ ಹಿಟ್ಟು ಕಡೆಯುವ ಕಲ್ಲಿಗೆ ಬಡ್ತಿ. ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಬರೆಯಲು ಕಲಿತರು. ಕಲ್ಲು ಹೋಗಿ ಕರೆಂಟಿನ ಗ್ರೈಂಡರ್ ಬಂದ ಮೇಲೆ ಗಾಳಿ ಬಾರದ ಒಂದು ಸಣ್ಣ ಕೋಣೆಯಲ್ಲಿ ಆ ಯಂತ್ರದ ಮಗ್ಗುಲಲ್ಲೇ ಮೂವತ್ತು ವರ್ಷ ನಿಂತರು. ಕಿವಿ ಹೋದದ್ದು ಹಾಗೆ, ಚೂರುಚೂರಾಗಿ. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಮೊಮ್ಮಕ್ಕಳದು. ಕಿವಿಗೆ ಹಾಕುವ ಮೆಷಿನ್ ತಂದುಕೊಟ್ಟಿದ್ದೇವೆ. ಹಾಕಿದರೆ ಮಾತಿಗಿಂತ ಫ್ಯಾನಿನ ಸದ್ದೇ ದೊಡ್ಡದಾಗಿ ಕೇಳುತ್ತದೆ ಎಂದು ಡಬ್ಬಿಯಲ್ಲೇ ಇಟ್ಟಿದ್ದಾರೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದು ಆಟ ಆಡುವಾಗ ಒಂದನ್ನೂ ಬಿಡುತ್ತಿರಲಿಲ್ಲ. ಭಾಗವತರ ಪದ ಕೇಳದಾದ ಮೇಲೆ ಅದಕ್ಕೂ ಹೋಗುವುದು ನಿಂತಿತು. ಚೆಂಡೆ ಮಾತ್ರ ಎದೆಗೆ ಬಡೀತ್, ಅಷ್ಟಕ್ಕೇ ಎಂತಕ್ಕೆ ಹೋಪುದ್, ಎನ್ನುತ್ತಾರೆ.

ಆ ಗುರುವಾರ ಅವರೇ ಕಷಾಯ ಮಾಡಿಕೊಟ್ಟರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಕುಟ್ಟಿ, ಶುಂಠಿ ಜಜ್ಜಿ, ಕುಂಡದ ಸಾಂಬಾರಬಳ್ಳಿಯ ನಾಲ್ಕು ಎಲೆ ಹಾಕಿ, ಬೆಲ್ಲ. ಕುಡಿದು ಮಲಗಿದರೂ ನಿದ್ದೆ ಬರಲಿಲ್ಲ. ಏನಾದರೂ ನೋಡೋಣವೆಂದರೆ ಕಟ್ಟಿದ ಕಿವಿಗೆ ಸಂಭಾಷಣೆ ಎಲ್ಲ ನೀರಿನೊಳಗಿಂದ ಬಂದ ಹಾಗೆ. ಆಗ ನೆನಪಾದದ್ದು ಮೂಕಿ ಚಿತ್ರಗಳು. ಹಕ್ಕಿನ ಅವಧಿ ಮುಗಿದ ಎಷ್ಟೋ ಮೂಕಿಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹೊದಿಕೆ ಎಳೆದುಕೊಂಡು, 1928ರ ಬಸ್ಟರ್ ಕೀಟನ್ ಚಿತ್ರ ಹಾಕಿದೆ. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'.

ಅದರಲ್ಲಿ ಬಿರುಗಾಳಿಗೆ ಒಂದು ಮನೆಯ ಮುಂಭಾಗದ ಇಡೀ ಗೋಡೆ ಕಳಚಿ ಕೀಟನ್ ಮೇಲೆ ಬೀಳುತ್ತದೆ. ಅಟ್ಟದ ಕಿಟಕಿಯ ಕಿಂಡಿ ಸರಿಯಾಗಿ ಅವನು ನಿಂತಲ್ಲಿಗೇ ಬಂದು, ಅವನು ಕೂದಲೂ ಕೊಂಕದೆ ನಿಂತೇ ಇರುತ್ತಾನೆ. ಅದು ಕ್ಯಾಮೆರಾದ ಕಣ್ಕಟ್ಟಲ್ಲ. ನಿಜವಾದ ತೂಕದ ಗೋಡೆ, ನಿಜವಾಗಿ ಬಿದ್ದದ್ದು. ನಿಂತ ಜಾಗ ತುಸು ತಪ್ಪಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅದನ್ನು ನೋಡಿ ಉಸಿರು ಹಿಡಿದಿರುವಾಗ ಹಿಂದಿನಿಂದ ಅಪ್ಪಯ್ಯ ಗಟ್ಟಿಯಾಗಿ ನಕ್ಕರು. ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. "ಕಿಟ್ಕಿ ಇದ್ದಲ್ಲೇ ನಿಂತಿದ, ಕಾಣ್!" ಎಂದರು.

ಟೀವಿಯ ಮುಂದೆ ಅವರು ನಕ್ಕದ್ದನ್ನು ಕಂಡು ವರ್ಷಗಳೇ ಆಗಿದ್ದವು. ಧಾರಾವಾಹಿ ಓಡುವಾಗ ಅವರು ಪರದೆ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ನಾವು ನಕ್ಕರೆ ಒಂದು ಗಳಿಗೆ ತಡವಾಗಿ ತಾವೂ ನಗುತ್ತಾರೆ. ಈ ಸಲ ಅವರು ನನಗಿಂತ ಮೊದಲು ನಕ್ಕಿದ್ದರು. ನಾನು ಹೊದಿಕೆ ಸರಿಸಿ ಮಂಚದಲ್ಲಿ ಜಾಗ ಮಾಡಿದೆ. ಆ ಐದು ದಿನ ನಾವು ಒಟ್ಟಿಗೆ ನೋಡಿದೆವು.

ನಮ್ಮ ನಡುವೆ ಸಂಪರ್ಕಕ್ಕಿದ್ದದ್ದು ಶಾಲೆಯ ಒಂದು ಸ್ಲೇಟು. ಹ್ಯಾರಲ್ಡ್ ಲಾಯ್ಡ್ ದೊಡ್ಡ ಗಡಿಯಾರದ ಮುಳ್ಳು ಹಿಡಿದು ನೇತಾಡುವ 1923ರ ಚಿತ್ರ ನೋಡುವಾಗ ಅದರಲ್ಲಿ ಬರೆದು ತೋರಿಸಿದೆ: 'ಇವರ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಇಲ್ಲ.' 1919ರಲ್ಲಿ ಫೋಟೋ ತೆಗೆಸಿಕೊಳ್ಳುವಾಗ ಆಟಿಕೆಯೆಂದುಕೊಂಡ ಬಾಂಬು ಕೈಯಲ್ಲೇ ಸಿಡಿದು ಎರಡು ಬೆರಳು ಹೋಗಿದ್ದವು. ಆಮೇಲೆ ಅವರು ಪರದೆಯ ಮೇಲೆ ಬಂದದ್ದೆಲ್ಲ ಚರ್ಮದ ಬಣ್ಣದ ಗವಸು ಹಾಕಿಕೊಂಡೇ. ಗೋಡೆ ಹತ್ತಿದ್ದೂ ಅದೇ ಕೈಯಲ್ಲಿ. ಅಪ್ಪಯ್ಯ ಅದನ್ನು ಓದಿದ ಮೇಲೆ ಗಡಿಯಾರವನ್ನು ನೋಡಲೇ ಇಲ್ಲ. ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಆ ಕೈಯನ್ನೇ ನೋಡಿದರು. ಎರಡು ಸಲ ಹಿಂದಕ್ಕೆ ಓಡಿಸಿದೆ. "ಹಿಡ್ದದ್ದ್ ಉಳ್ದ್ ಬೆರಳಗೇ," ಎಂದು ಕೊನೆಗೆ ತೀರ್ಮಾನ ಕೊಟ್ಟರು.

ಅವರು ನೋಡುವ ಬಗೆ ನನಗೆ ಅರ್ಥವಾದದ್ದು ಅಲ್ಲಿ. ನಾನು ಮುಖ ನೋಡುತ್ತೇನೆ, ಕತೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕಾಯುತ್ತೇನೆ. ಅವರು ಕೈ ನೋಡುತ್ತಾರೆ. ಗದ್ದಲದ ಅಡುಗೆಮನೆಯಲ್ಲಿ ಬದುಕಿದವರಿಗೆ ಎದುರಿಗಿದ್ದವನ ಕೈಯೇ ಭಾಷೆ. ಎಷ್ಟು ಪ್ಲೇಟು, ಸಾಂಬಾರು ಬೇರೆಯೋ, ಹಿಟ್ಟು ಮುಗಿಯುತ್ತ ಬಂತೋ, ಎಲ್ಲ ಬೆರಳಲ್ಲೇ.

ಶುಕ್ರವಾರ ದಾದಾಸಾಹೇಬ ಫಾಲ್ಕೆ ಮಾಡಿದ 'ರಾಜಾ ಹರಿಶ್ಚಂದ್ರ' ಹಾಕಿದೆ. ಇದು ಪೂರ್ತಿ ಉಳಿದಿಲ್ಲ. ಮೊದಲನೆಯ ಮತ್ತು ಕೊನೆಯ ರೀಲು ಮಾತ್ರ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. 1917ರಲ್ಲಿ ಫಾಲ್ಕೆ ಇದೇ ಕತೆಯನ್ನು ಮತ್ತೆ ಚಿತ್ರಿಸಿದ್ದರು, ಉಳಿದಿರುವ ರೀಲು ಅದರದು ಎನ್ನುವವರೂ ಇದ್ದಾರೆ. 1913ರ ಮೇ 3ರಂದು ಚಿತ್ರ ಬಿಡುಗಡೆಯಾದ ಕಾರೊನೇಷನ್ ಥಿಯೇಟರು ಇದ್ದದ್ದು ಗಿರಗಾಂವಿನಲ್ಲಿ, ಅಪ್ಪಯ್ಯ ದುಡಿದ ಪ್ರದೇಶದಲ್ಲೇ. ಚಿತ್ರ ತಯಾರಾದದ್ದು ನಮ್ಮ ಮಗ್ಗುಲಲ್ಲಿ. ಆಗಿನ ದಾದರ್ ಮೇನ್ ರೋಡಿಗೆ ಈಗ ದಾದಾಸಾಹೇಬ ಫಾಲ್ಕೆ ರಸ್ತೆ ಎಂದೇ ಹೆಸರು. ನಾನು ದಿನಾ ಶಾಲೆಗೆ ಹೋಗುವುದು ಅದೇ ದಾರಿಯಲ್ಲಿ, ಬಸ್ಸಿನ ಕಡೆ ಕಣ್ಣಿಟ್ಟು. ಅಲ್ಲಿನ ಒಂದು ಬಂಗಲೆಯಲ್ಲಿ ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿ ಚಿತ್ರದ ತಂಡಕ್ಕೆಲ್ಲ ಅಡುಗೆ ಮಾಡಿ ಬಡಿಸಿ, ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ಕೂತು ಖಾಲಿ ಫಿಲ್ಮಿನ ಅಂಚಿಗೆ ತೂತು ಹೊಡೆಯುತ್ತಿದ್ದರು. ಆಗ ಫಿಲ್ಮು ತೂತಿಲ್ಲದೆ ಬರುತ್ತಿತ್ತು, ತೂತು ಹೊಡೆಯದೆ ಕ್ಯಾಮೆರಾದ ಹಲ್ಲಿಗೆ ಅದು ಸಿಕ್ಕುವುದಿಲ್ಲ. ಭಾರತೀಯ ಸಿನಿಮಾದ ಕತೆ ಹೇಳುವಾಗ ಆ ತಾಯಿಯನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ.

ಚಿತ್ರದ ಮೊದಲಿಗೆ ರಾಜ ಮಗನಿಗೆ ಬಿಲ್ಲುವಿದ್ಯೆ ಕಲಿಸುತ್ತಿದ್ದಾನೆ, ರಾಣಿ ತಾರಾಮತಿ ಜತೆಗಿದ್ದಾಳೆ. ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಎಂದಿನ ದೊಡ್ಡ ದನಿಯಲ್ಲಿ, "ಇದ್ ಹೆಣ್ಣಲ್ಲ ಮಗಾ. ಕೈ ಕಾಣ್. ಇದ್ ಕಡೂ ಕಲ್ಲ್ ತಿರ್ಗ್ಸಿದ್ ಕೈ," ಎಂದರು.

ನನಗೆ ಮೈ ಜುಮ್ಮೆಂದಿತು. ಗಂಡಸು ಹೆಣ್ಣುವೇಷ ಹಾಕಿದ್ದು ಅವರಿಗೆ ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿಯೇ ಬೆಳೆದವರು. ಆದರೆ ಆ ಎರಡನೇ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾರಾಮತಿಯ ಪಾತ್ರಕ್ಕೆ ಫಾಲ್ಕೆ ಎಷ್ಟೋ ಹೆಂಗಸರನ್ನು ಕೇಳಿದ್ದರು, ವೇಶ್ಯೆಯರ ಬೀದಿಗೂ ಹೋಗಿ ಕೇಳಿದ್ದರು. ಯಾರೂ ಒಪ್ಪಲಿಲ್ಲ. ಕೊನೆಗೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗ ಅವರ ಕಣ್ಣಿಗೆ ಬಿದ್ದ. ಅಣ್ಣಾ ಸಾಳುಂಕೆ. ಭಾರತದ ಮೊದಲ ಕಥಾಚಿತ್ರದ ನಾಯಕಿ ಒಬ್ಬ ಹೋಟೆಲ್ ಕೆಲಸಗಾರ. 1917ರ 'ಲಂಕಾ ದಹನ'ದಲ್ಲಿ ಅದೇ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು.

ಸ್ಲೇಟಿನಲ್ಲಿ ಬರೆದೆ: 'ನೀವು ಹೇಳಿದ್ದು ಸರಿ. ಇವರು ಗ್ರಾಂಟ್ ರೋಡಿನಲ್ಲಿ ಹೋಟೆಲ್ ಕೆಲಸಕ್ಕಿದ್ದರು.'

ಅಪ್ಪಯ್ಯ ಓದಿದರು. "ಸಂಬ್ಳ ಎಷ್ಟ್ ಇತ್ತಂಬ್ರ್?"

'ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ ಅಂತೆ. ಫಾಲ್ಕೆ 15 ಕೊಟ್ಟರಂತೆ.'

ಅವರು ಲೆಕ್ಕ ಹಾಕುವವರಂತೆ ಮೇಲೆ ನೋಡಿದರು. ತಮಗೆ ಮೊದಲ ವರ್ಷ ತಿಂಗಳಿಗೆ ಎಂಟು, ಊಟ ತಿಂಡಿ ಅಲ್ಲೇ, ಮಲಗುವುದು ಮೇಜಿನ ಮೇಲೆ ಎಂದರು. ಆಮೇಲೆ ಸಾಳುಂಕೆಯ ಸಂಬಳದ ಬಗ್ಗೆ, "ಐದ್ ರುಪಾಯಿ ಜಾಸ್ತಿ ಸಣ್ಣದಲ್ಲ," ಎಂದು ಪರದೆಯ ಮೇಲಿನ ರಾಣಿಗೆ ತಲೆಯಾಡಿಸಿದರು. ನೂರು ವರ್ಷದ ಹಿಂದಿನ ಒಬ್ಬ ಸಹೋದ್ಯೋಗಿಗೆ ಬಡ್ತಿ ಸಿಕ್ಕಿದ ಸಂತೋಷ ಅವರ ಮುಖದಲ್ಲಿತ್ತು.

ಇನ್ನೊಂದು ವಿಷಯ ಹೇಳಬೇಕು. ಅದೇ ಚಿತ್ರ ನೋಡುವಾಗ ಅವರಿಗೆ ಒಂದು ಅಸಮಾಧಾನ ಇತ್ತು: ಜನ ಯಾಕೆ ಹೀಗೆ ಕೋಳಿ ಓಡಿದ ಹಾಗೆ ಓಡುತ್ತಾರೆ? ಇದಕ್ಕೆ ಉತ್ತರ ನನಗೆ ಗೊತ್ತಿತ್ತು, ಬರೆಯಲು ಸ್ಲೇಟಿನ ಎರಡೂ ಬದಿ ಬೇಕಾಯಿತು. ಆಗಿನ ಕ್ಯಾಮೆರಾಕ್ಕೆ ಮೋಟರಿಲ್ಲ. ಪಕ್ಕದಲ್ಲಿ ಒಂದು ಹಿಡಿ, ಅದನ್ನು ಕೈಯಲ್ಲಿ ತಿರುಗಿಸುತ್ತಲೇ ಇರಬೇಕು. ಸಾಮಾನ್ಯವಾಗಿ ಒಂದು ಸುತ್ತಿಗೆ ಎಂಟು ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಅಂದರೆ ಸೆಕೆಂಡಿಗೆ 16 ಚಿತ್ರ. ಕೈ ಚುರುಕಾದರೆ ಹದಿನೆಂಟು, ಇಪ್ಪತ್ತು. ಟಾಕಿ ಬಂದ ಮೇಲೆ ಧ್ವನಿ ಏರುಪೇರಾಗಬಾರದೆಂದು ಸೆಕೆಂಡಿಗೆ 24 ಎಂದು ಗಟ್ಟಿಮಾಡಿದರು. ಹದಿನಾರರಲ್ಲಿ ತೆಗೆದದ್ದನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ಎಲ್ಲರೂ ಓಡುತ್ತಾರೆ. ಮೂಕಿ ಎಂದರೆ ಕುಣಿಕುಣಿದು ನಡೆಯುವ ಜನ ಎಂದು ನಾವು ಅಂದುಕೊಂಡಿರುವುದು ತೋರಿಸುವವರ ತಪ್ಪಿನಿಂದ. ಆ ಕಾಲದವರೂ ನಮ್ಮ ಹಾಗೆಯೇ ನಡೆಯುತ್ತಿದ್ದರು.

ಹರಿಶ್ಚಂದ್ರಕ್ಕೆ ಆ ಹಿಡಿ ತಿರುಗಿಸಿದವರು ತ್ರ್ಯಂಬಕ ತೆಲಂಗ್. ಕ್ಯಾಮೆರಾವನ್ನು 1912ರಲ್ಲಿ ಫಾಲ್ಕೆ ಇಂಗ್ಲೆಂಡಿನಿಂದ ತಂದಿದ್ದರು. ಇದನ್ನು ಓದುತ್ತಿದ್ದಂತೆ ಅಪ್ಪಯ್ಯನ ಬಲಗೈ ತಾನೇ ಎದ್ದಿತು. ಗಾಳಿಯಲ್ಲಿ ಗುಂಡುಕಲ್ಲು ಹಿಡಿದ ಹಾಗೆ ಬೆರಳು ಮಡಚಿ ತಿರುಗಿಸಿ ತೋರಿಸಿದರು. ಕಲ್ಲನ್ನು ಜೋರಾಗಿ ತಿರುಗಿಸಿದರೆ ಹಿಟ್ಟು ಬಿಸಿಯಾಗುತ್ತದೆ, ಬಿಸಿಯಾದರೆ ಉದ್ದು ಉಬ್ಬುವುದಿಲ್ಲ. ನಿಧಾನ ಮಾಡಿದರೆ ನುಣ್ಣಗಾಗುವುದಿಲ್ಲ, ಹೊತ್ತೂ ಹೋಗುತ್ತದೆ. ಒಂದೇ ಲೆಕ್ಕದಲ್ಲಿ ಒಂದು ಗಂಟೆ ತಿರುಗಿಸುವುದು ಮೈಯ ಬಲವಲ್ಲ, ಉಸಿರಿನ ಲೆಕ್ಕ. ಅವರು ಮನಸ್ಸಿನಲ್ಲೇ ಒಂದು ತಾಳ ಇಟ್ಟುಕೊಳ್ಳುತ್ತಿದ್ದರಂತೆ. ಆಟದ ತಾಳ. ಐವತ್ತು ವರ್ಷ ಅವರ ಮಗಳಾಗಿದ್ದು ನಾನು ಇದನ್ನು ಮೊದಲ ಸಲ ಕೇಳಿದೆ. ನನಗೆ ಮಾತು ಬಂದಿದ್ದರೆ ನಡುವೆ ಬಾಯಿ ಹಾಕಿ ಎಲ್ಲೋ ಮುರಿದುಬಿಡುತ್ತಿದ್ದೆನೋ ಏನೋ. ಸುಮ್ಮನೆ ಕೂತು ಆ ಕೈಯ ಸುತ್ತು ನೋಡಿದೆ.

ಆಮೇಲೆ ಚಿತ್ರ ಓಡುವ ವೇಗವನ್ನು 0.75ಕ್ಕೆ ಇಳಿಸಿದೆ. ಇಪ್ಪತ್ತನಾಲ್ಕು ಹದಿನೆಂಟಾಯಿತು. ಅರಮನೆಯವರೆಲ್ಲ ಒಮ್ಮೆಲೇ ಮನುಷ್ಯರಾದರು. ರಾಣಿ ತಿರುಗಿ ನೋಡಿದ್ದರಲ್ಲಿ ಒಂದು ತೂಕ ಬಂತು. "ಈಗ ಸಮ ಆಯ್ತ್," ಎಂದರು ಅಪ್ಪಯ್ಯ. ನೀವೂ ಹಳೆಯ ಮೂಕಿ ನೋಡುವಾಗ ಜನ ಓಡುತ್ತಿದ್ದರೆ ಈ ಕೆಲಸ ಮಾಡಿ ನೋಡಿ.

ಸಂಗೀತವನ್ನು ಮಾತ್ರ ನಾವು ಮುಚ್ಚಿಟ್ಟೆವು. ಅಂತರ್ಜಾಲದಲ್ಲಿ ಯಾರ್‍ಯಾರೋ ಅಂಟಿಸಿದ ಪಿಯಾನೋ ಎಷ್ಟೋ ಸಲ ಚಿತ್ರಕ್ಕೆ ಹೊಂದುವುದಿಲ್ಲ. ಹಾಗೆಂದು ಆ ಕಾಲದ ಪ್ರದರ್ಶನಗಳು ನಿಶ್ಶಬ್ದವಾಗಿರಲಿಲ್ಲ. ಪರದೆಯ ಬುಡದಲ್ಲಿ ಹಾರ್ಮೋನಿಯಂ, ತಬಲ ಕೂರುತ್ತಿದ್ದವು. ಬರಹದ ಫಲಕ ಬಂದಾಗ ಓದುಬಾರದ ಪ್ರೇಕ್ಷಕರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವವರಿದ್ದರು. ಶನಿವಾರ ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪಯ್ಯ ವಹಿಸಿಕೊಂಡರು. 1919ರ 'ಕಾಲಿಯಾ ಮರ್ದನ' ನೋಡುತ್ತಿದ್ದೆವು. ಕೃಷ್ಣನಾದವಳು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಮೊದಲಿಗೆ ಅವಳ ಮುಖವೊಂದನ್ನೇ ತೋರಿಸುತ್ತಾರೆ. ನಗು, ಸಿಟ್ಟು, ಬೆರಗು, ಒಂದಾದ ಮೇಲೊಂದು ಆ ಮುಖದಲ್ಲಿ ಬಂದು ಹೋಗುತ್ತವೆ, ಆಮೇಲೆ ಆ ಹುಡುಗಿಯೇ ಕೃಷ್ಣನಾಗಿ ಬದಲಾಗುತ್ತಾಳೆ. ಹಾವಿನೊಡನೆ ಹೋರಾಟ ಬರುವ ಹೊತ್ತಿಗೆ ಅಪ್ಪಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ. ಕಣ್ಣ ಮುಂದೆ ಆಗುತ್ತಿರುವುದನ್ನು ಭಾಗವತರ ಧಾಟಿಯಲ್ಲಿ ಹೇಳತೊಡಗಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಅದು ಮಹಡಿಯಿಡೀ ಕೇಳುವಷ್ಟು ದೊಡ್ಡದು. ನನ್ನ ಕಟ್ಟಿದ ಕಿವಿಗೆ ಅದು ಸರಿಯಾದ ಎತ್ತರದಲ್ಲಿತ್ತು.

ಇಷ್ಟೆಲ್ಲ ನೋಡಲು ಸಿಕ್ಕಿದ್ದೇ ದೊಡ್ಡದು. ನಮ್ಮ ದೇಶದಲ್ಲಿ ತಯಾರಾದ ಮೂಕಿಗಳು ಸುಮಾರು 1,300. ಉಳಿದಿರುವುದು ಬೆರಳೆಣಿಕೆಯಷ್ಟು. ಆಗಿನ ಫಿಲ್ಮು ನೈಟ್ರೇಟಿನದು, ಬೇಗ ಹೊತ್ತಿಕೊಳ್ಳುತ್ತದೆ, ಶೆಕೆಗೆ ಕೊಳೆತು ಪುಡಿಯಾಗುತ್ತದೆ. ಅದಕ್ಕಿಂತ ನೋವಿನ ಕಾರಣ ಅದರ ಮೇಲಿನ ಬೆಳ್ಳಿ. ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಹಳೆಯ ರೀಲುಗಳಿಂದ ಆ ಬೆಳ್ಳಿ ತೆಗೆದು ಮಾರಿದವರಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಅಮ್ಮನ ಮದುವೆ ಸೀರೆ ನೆನಪಾಗುತ್ತದೆ. ನನ್ನ ಕಾಲೇಜು ಫೀಸಿಗೆ ದುಡ್ಡು ಕಡಿಮೆಬಿದ್ದ ವರ್ಷ, ಬೀದಿಯಲ್ಲಿ ಹಳೇ ಜರಿ ಎಂದು ಕೂಗಿಕೊಂಡು ಬಂದವನಿಗೆ ಅಮ್ಮ ಅದನ್ನು ಕೊಟ್ಟರು. ಅವನು ಸೆರಗನ್ನು ಉಗುರಿನಲ್ಲಿ ಕೆರೆದು ನೋಡಿ, ತೂಗಿ, ಮಡಚಿ ಚೀಲಕ್ಕೆ ಹಾಕಿದ. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆಂದು ಅಮ್ಮನಿಗೆ ಗೊತ್ತಿತ್ತು. ಸಾವಿರದಷ್ಟು ಚಿತ್ರಗಳು ಹೋದವು ಎಂದರೆ ನನಗೆ ಕಾಣುವುದು ಆ ಉಗುರು.

ಹಾಗೆ ಹೋದವುಗಳಲ್ಲಿ ನಾನು ಅತಿಯಾಗಿ ನೋಡಬಯಸುವುದು 'ವಸಂತಸೇನಾ'. ಮೂಕಿ ಯುಗದ ಕೊನೆಗೆ ಮೋಹನ್ ಭವನಾನಿ ಮೃಚ್ಛಕಟಿಕದ ಕತೆಯನ್ನು ಚಿತ್ರ ಮಾಡಿದಾಗ ಅದರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರಿದ್ದರು, ನಮ್ಮ ಟಿ. ಪಿ. ಕೈಲಾಸಂ ಇದ್ದರು. ಮಾತೇ ಜೀವವಾಗಿದ್ದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ಹುಬ್ಬು, ಬೆರಳು, ಭುಜಗಳಲ್ಲಿ ಏನು ಮಾಡಿರಬಹುದು! ಉಳಿದವು ಉಳಿದದ್ದು ಹಟ ಹಿಡಿದು ಹುಡುಕಿದವರಿಂದ. 1964ರಲ್ಲಿ ಶುರುವಾದ ಪುಣೆಯ ಸಂಗ್ರಹಾಲಯಕ್ಕೆ ಪಿ. ಕೆ. ನಾಯರ್ ಊರೂರು ಅಲೆದು ರೀಲು ತಂದು ಸೇರಿಸಿದರು. ಒಮ್ಮೊಮ್ಮೆ ನಂಬಲಾಗದ ಕಡೆ ಸಿಗುವುದೂ ಉಂಟು. ಡ್ರೇಯರ್ 1928ರಲ್ಲಿ ಮಾಡಿದ ಜೋನ್ ಆಫ್ ಆರ್ಕ್ ಚಿತ್ರದ ಮೂಲರೂಪ ಸುಟ್ಟುಹೋಯಿತೆಂದೇ ತಿಳಿದಿದ್ದರು. 1981ರಲ್ಲಿ ನಾರ್ವೆಯ ಓಸ್ಲೋ ಹತ್ತಿರದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಅದರ ಪ್ರತಿ ಸಿಕ್ಕಿತು. ಶನಿವಾರ ರಾತ್ರಿ ಅಪ್ಪಯ್ಯ ಮಲಗಿದ ಮೇಲೆ ಅದನ್ನು ಒಬ್ಬಳೇ ನೋಡಿದೆ. ಹೆಚ್ಚಿನ ಹೊತ್ತು ಜೋನ್ ಆದ ನಟಿ ಫಾಲ್ಕೊನೆಟ್ಟಿಯ ಮುಖವೇ ಪರದೆ ತುಂಬ. ನೋಡಿ ಮುಗಿದ ಮೇಲೂ ಬಹಳ ಹೊತ್ತು ದೀಪ ಆರಿಸಲಿಲ್ಲ.

ಭಾನುವಾರಕ್ಕೆ ಚಾಪ್ಲಿನ್ನರ 'ಸಿಟಿ ಲೈಟ್ಸ್' ಇಟ್ಟುಕೊಂಡಿದ್ದೆ. ಬಂದದ್ದು 1931ರಲ್ಲಿ. ಅದೇ ವರ್ಷ ಮಾರ್ಚ್ 14ಕ್ಕೆ ಗಿರಗಾಂವಿನ ಮೆಜೆಸ್ಟಿಕ್ ಥಿಯೇಟರಿನಲ್ಲಿ ನಮ್ಮ ದೇಶದ ಮೊದಲ ಟಾಕಿ 'ಆಲಂ ಆರಾ' ಮಾತಾಡಿತ್ತು. ಲೋಕವೆಲ್ಲ ಮಾತಿಗೆ ಹೊರಳಿದಾಗ ಚಾಪ್ಲಿನ್ ಒಬ್ಬರು ಮಾತಿಲ್ಲದೆಯೇ ಚಿತ್ರ ಮಾಡಿದರು. ಅದರಲ್ಲಿ ಅವರಿಗೆ ಬಗೆಹರಿಯದೆ ಉಳಿದದ್ದು ಒಂದು ಗಂಟು: ಕುರುಡಿ ಹೂಮಾರುವ ಹುಡುಗಿ ಈ ಬಡವನನ್ನು ಸಾಹುಕಾರನೆಂದು ತಿಳಿಯಬೇಕು, ಹೇಗೆ? ಆ ಒಂದು ದೃಶ್ಯವನ್ನು ತಿಂಗಳುಗಟ್ಟಲೆ, ನೂರಾರು ಸಲ ತೆಗೆದರು. ಕೊನೆಗೆ ಸಿಕ್ಕಿದ ಉಪಾಯ ಒಂದು ಸದ್ದು. ರಸ್ತೆ ದಾಟಲು ಚಾಪ್ಲಿನ್ ನಿಂತ ಕಾರೊಂದರ ಒಳಗಿಂದ ತೂರಿ ಈಚೆಗೆ ಬರುತ್ತಾನೆ, ಬಾಗಿಲು ಮುಚ್ಚುತ್ತದೆ, ಹುಡುಗಿ ತಲೆಯೆತ್ತುತ್ತಾಳೆ. ನಮಗೆ ಏನೂ ಕೇಳಿಸುವುದಿಲ್ಲ.

ಇದು ಅಪ್ಪಯ್ಯನಿಗೆ ತಿಳಿಯಿತೋ ಇಲ್ಲವೋ ಎಂದು ಸ್ಲೇಟು ಎತ್ತಿಕೊಂಡೆ. ಬರೆಯುವ ಮೊದಲೇ ಅವರು ನನ್ನ ಕಡೆ ತಿರುಗಿ ಕೈಯನ್ನು ಕಾರಿನ ಬಾಗಿಲು ಹಾಕುವ ಹಾಗೆ ಎಳೆದು, ಕಿವಿ ಮುಟ್ಟಿ, ಹುಡುಗಿಯನ್ನು ತೋರಿಸಿದರು. ಹದಿನೈದು ವರ್ಷದಿಂದ ಬಾಗಿಲಿನ ಸದ್ದು ಕೇಳದವರು ಅದನ್ನು ನನಗೆ ವಿವರಿಸಿದರು.

ಕೊನೆಯ ದೃಶ್ಯದಲ್ಲಿ ಹುಡುಗಿಗೆ ಕಣ್ಣು ಬಂದಿದೆ. ಅಂಗಡಿಯ ಮುಂದಿನ ಬಡಪಾಯಿಗೆ ಒಂದು ಹೂ ಕೊಟ್ಟು, ಕರುಣೆಯಿಂದ ನಾಣ್ಯವನ್ನು ಅವನ ಕೈಯಲ್ಲಿ ಒತ್ತುತ್ತಾಳೆ. ಒತ್ತಿದ ಕೈ ಅಲ್ಲೇ ನಿಲ್ಲುತ್ತದೆ. ಬೆರಳು ಬೆರಳನ್ನು ತಡವುತ್ತದೆ, ತೋಳಿನ ಮೇಲೆ ಹೋಗುತ್ತದೆ. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತದೆ. ಅಪ್ಪಯ್ಯ ಏನೂ ಹೇಳಲಿಲ್ಲ. ಚಿತ್ರ ಮುಗಿದ ಮೇಲೆ ಎದ್ದು ಹೋಗಿ ಗಂಜಿಯ ಬಟ್ಟಲು ತೊಳೆದು ಬೋರಲಾಗಿ ಇಟ್ಟು ಬಂದರು. ಕೂತು, "ಮತ್ತೊಂದ್ ಸಲ," ಎಂದರು. ಆ ದಿನ ಆ ಮೂರು ನಿಮಿಷವನ್ನು ನಾಲ್ಕು ಸಲ ನೋಡಿದೆವು.

ಮಂಗಳವಾರ ಬೆಳಿಗ್ಗೆ ಆಕಳಿಸಿದಾಗ ಕಿವಿಯೊಳಗೆ ಪಟ್ ಎಂದು ಏನೋ ಬಿಟ್ಟಿತು. ಮಳೆ ತಗಡಿನ ಮೇಲೆ ಬೀಳುವುದು, ಲೋಕಲಿನ ಹಾರ್ನ್, ಕೆಳಗೆ ಸೊಪ್ಪಿನವಳು, ಎಲ್ಲ ಒಟ್ಟಿಗೆ ನುಗ್ಗಿತು. ಸ್ವರ ಒಡಕಾಗಿದ್ದರೂ ಬಂತು. ಶಾಲೆಗೆ ಹೋದೆ. ಹೋಗುವಾಗ ಫಾಲ್ಕೆ ರಸ್ತೆಯಲ್ಲಿ ಬಸ್ಸು ಬಿಟ್ಟು ನಡೆದೆ.

ಸಂಜೆ ಮನೆಗೆ ಬಂದಾಗ ಟೀವಿಯಲ್ಲಿ ಧಾರಾವಾಹಿ ನಡೆಯುತ್ತಿತ್ತು, ಅಪ್ಪಯ್ಯ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ನನ್ನನ್ನು ಕಂಡೊಡನೆ ಬಲಗೈ ಎತ್ತಿದರು. ಗುಂಡುಕಲ್ಲು ಹಿಡಿದ ಹಾಗೆ ಬೆರಳು ಮಡಚಿ, ಗಾಳಿಯಲ್ಲಿ ಒಂದೇ ಲೆಕ್ಕದಲ್ಲಿ, ಒಂದು ಸುತ್ತು, ಎರಡು ಸುತ್ತು. ನಾನು ಕೈಕಾಲು ತೊಳೆದು ಬಂದು ಸ್ಟೂಲು ಎಳೆದೆ.